ಕೆಂಚ ಮೈ ಕೊಡವಿದ ದಿನ

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನನಗೂ ಗೊತ್ತು. ಆದರೆ ಈ ಕಥೆಯಲ್ಲಿ ಅವರನ್ನು ಬಿಟ್ಟರೆ ಬೈಯಲು ಬೇರೆ ಯಾರೂ ಸಿಗುವುದಿಲ್ಲ, ಅದಕ್ಕೆ ಹೇಳಿಯೇ ಬಿಡುತ್ತೇನೆ: ತಂಗರಾಜ್. ತಮಿಳು ಸೀಮೆಯ ಹನುಮಂತನಪಟ್ಟಿಯಲ್ಲಿ ಒಂದು ದ್ರಾಕ್ಷಿ ತೋಟ, ಒಂದು ಹಳೇ ಬೈಕು, ಎರಡು ಕಡೆಗೂ ತಿರುವಿದ ಮೀಸೆ, ಇಷ್ಟು ಅವರ ಆಸ್ತಿ. ನಾನು ಸುಬ್ಬುಲಕ್ಷ್ಮಿ. ಹೇಳಹೊರಟಿರುವುದು ಮಾತ್ರ ನಮ್ಮಿಬ್ಬರ ವಿಷಯವಲ್ಲ, ನನ್ನ ಓರಗಿತ್ತಿ ಓಚ್ಚಮ್ಮಾಳ ವಿಷಯ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಓಚ್ಚಕ್ಕ ಎನ್ನುತ್ತೇನೆ.

ಓಚ್ಚಕ್ಕ ಸಣ್ಣ ಆಳು. ದ್ರಾಕ್ಷಿ ಚಪ್ಪರದ ಕೆಳಗೆ ನಾವೆಲ್ಲ ತಲೆ ಬಗ್ಗಿಸಿ ನಡೆದರೆ ಅವಳು ನೆಟ್ಟಗೆ ನಡೆಯುತ್ತಾಳೆ. ಗೊಂಚಲು ಕತ್ತರಿಸುವ ಕಾಲದಲ್ಲಿ ಅವಳನ್ನು ಕರೆಯಲು ಮಾರ್ಕಯನ್‌ಕೋಟ್ಟೈಯಿಂದಲೂ ಜನ ಬರುತ್ತಾರೆ. ಅವಳ ಕತ್ತರಿಯಿಂದ ಒಂದು ಹಣ್ಣಿಗೂ ಗೀರು ಬೀಳುವುದಿಲ್ಲ. ಉಳಿದ ಹೊತ್ತೆಲ್ಲ ಅವಳಿಗೆ ಕೋಳಿ. ಅವೂ ಅದೇ ಚಪ್ಪರದ ಕೆಳಗೆ ಕೆದಕುತ್ತ, ಉದುರಿದ ಹಣ್ಣು ಕುಕ್ಕುತ್ತ ಬೆಳೆಯುತ್ತವೆ. ಕೂಗು ಕೇಳಿಯೇ ಯಾವ ಹೇಂಟೆ ಯಾವ ಮೂಲೆಯಲ್ಲಿ ಮೊಟ್ಟೆ ಇಟ್ಟಿದೆ ಎಂದು ಹೇಳಿಬಿಡುತ್ತಾಳೆ. ಮನುಷ್ಯರ ಹತ್ತಿರ ಅವಳಿಗೆ ಮಾತು ಕಡಿಮೆ, ಕೋಳಿಗಳ ಹತ್ತಿರ ಬಾಯಿ ಮುಚ್ಚುವುದೇ ಇಲ್ಲ. ನನಗೆ ಬಂದಿರುವ ಬಾಯಲ್ಲಿ ಅರ್ಧ ಅವಳಿಗೆ ಬಂದಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ.

ಇಷ್ಟೆಲ್ಲ ಕೋಳಿ ಸಾಕಿದವಳು ಒಂದು ಕೋಳಿಯನ್ನೂ ಕೈಯಾರೆ ಕೊಯ್ದಿರಲಿಲ್ಲ. ನಾನೂ ಕೊಯ್ದಿರಲಿಲ್ಲ. ನಮ್ಮ ಮನೆಗಳಲ್ಲಿ ಕೊಯ್ಯುವುದು ಗಂಡಸರ ಕೆಲಸ. ಎಂಥಾ ಕೆಲಸ ಅಂತೀರಿ! ಕತ್ತಿ ಹಿಡಿದು ಒಂದು ಸಲ ಎಳೆದು, ಕೈ ತೊಳೆದು, ಹುಣಸೆಮರದ ನೆರಳಲ್ಲಿ ಹೋಗಿ ಕೂತರೆ ಮುಗಿಯಿತು. ಬಿಸಿನೀರಲ್ಲಿ ಅದ್ದುವುದು ನಾವು, ಪುಕ್ಕ ಕೀಳುವುದು ನಾವು, ಅರಿಶಿನ ಬಳಿದು ಒಣಗಿದ ತೆಂಗಿನ ಗರಿಯ ಬೆಂಕಿಯಲ್ಲಿ ಸುಡುವುದು ನಾವು, ಹೊಟ್ಟೆ ಬಗೆಯುವುದು ನಾವು. ಒಳಗೆ ಈರಲು ಇರುತ್ತದಲ್ಲ, ಲಿವರ್ ಅಂತೀರಲ್ಲ ಅದು, ಅದಕ್ಕೆ ಅಂಟಿಕೊಂಡಿರುವ ಪಿತ್ತದ ಚೀಲ ಒಡೆಯದ ಹಾಗೆ ಉಗುರಿನಲ್ಲಿ ಬಿಡಿಸುವುದೂ ನಾವೇ. ಒಡೆದರೆ ಎಲ್ಲ ಕಹಿ. ಹಾಗೆ ಜೋಪಾನವಾಗಿ ಬಿಡಿಸಿ, ಕೆಂಡದ ಮೇಲೆ ಸುಟ್ಟು, ಉಪ್ಪು ಮೆಣಸು ಹಾಕಿ ಗಂಡಸಿಗೆ ಕೊಡಬೇಕು. ಕೊಯ್ದ ಕೈಗೆ ಈರಲು ಎಂಬುದು ನಮ್ಮ ವಂಶದ ಕಟ್ಟಳೆ.

ಇನ್ನೊಂದು ಕಟ್ಟಳೆ ಇದೆ, ಕಥೆ ನಿಂತಿರುವುದೇ ಅದರ ಮೇಲೆ. ಶಿವರಾತ್ರಿಯ ಮರುದಿನ ನಮ್ಮ ವಂಶದವರೆಲ್ಲ ಬೆಟ್ಟದ ಬುಡದಲ್ಲಿರುವ ಮನೆದೇವರ ತೋಪಿಗೆ ಹೋಗುತ್ತೇವೆ. ಪ್ರತಿ ಮನೆಯವರೂ ಮೂರು ಕಲ್ಲಿಟ್ಟು ಒಲೆ ಹೂಡಿ, ಮನೆಯಲ್ಲಿ ಸಾಕಿದ ಹುಂಜವನ್ನೇ ಕೊಯ್ದು, ಅಲ್ಲೇ ಬೇಯಿಸಿ ತಿನ್ನಬೇಕು. ಅಂಗಡಿಯ ಕೋಳಿ ಆಗುವುದಿಲ್ಲ. ಕೊಯ್ದವರಿಗೆ ಒಲೆ. ಕೊಯ್ಯಲು ಕೈ ಇಲ್ಲದ ಮನೆಯವರು ತಮ್ಮ ಹುಂಜವನ್ನು ಹತ್ತಿರದ ನೆಂಟರ ಮಡಕೆಗೆ ಹಾಕಿ, ಅವರ ಒಲೆಯಲ್ಲೇ ಉಣ್ಣಬೇಕು. ಭಾವ ತೀರಿಹೋದ ಮೇಲೆ ಓಚ್ಚಕ್ಕನಿಗೆ ಹಾಗೇ ಆಯಿತು. ಮಕ್ಕಳೆಂದರೆ ಮಗಳೊಬ್ಬಳೇ, ಸರಣ್ಯಾ. ಓಚ್ಚಕ್ಕ ಸಾಕಿದ ಹುಂಜವನ್ನು ನನ್ನ ಗಂಡ ಕೊಯ್ದರು, ಈರಲನ್ನು ಅವರೇ ತಿಂದರು, ಮಾಂಸ ನಮ್ಮ ಮಡಕೆಗೆ ಬಿತ್ತು. ಪೂಜೆ ಮಾಡುವ ಕಾಳಿಮುತ್ತು ಮಾವ ಒಂದೊಂದೇ ಒಲೆಯ ಹೆಸರು ಕೂಗಿ ವಿಭೂತಿ ಕೊಡುವಾಗ "ತಂಗರಾಜನ ಒಲೆ" ಅಂದರು. ಓಚ್ಚಕ್ಕ ನನ್ನ ಬೆನ್ನ ಹಿಂದೆ ನಿಂತಿದ್ದಳು. ಆಮೇಲೆ ನೆಂಟರ ಹಾಗೆ ಎಲೆಸಾಲಿನ ತುದಿಯಲ್ಲಿ ಕೂತು ಉಂಡಳು. ನೀಡಿದವಳು ನಾನು, ನನಗೇ ಅನ್ನ ಇಳಿಯಲಿಲ್ಲ.

ಹಿಂತಿರುಗುವಾಗ ಟೌನ್ ಬಸ್ಸಿನಲ್ಲಿ ಅವಳು ಬಾಯಿ ಬಿಟ್ಟಳು. "ಅವರು ಹೋದ್ರು, ಸರಿ. ನಾನ್ ಇದ್ದೀನಲ್ಲಾ ಸುಬ್ಬು? ನಾನ್ ಬೇಯ್ಸಲ್ವಾ, ತಿನ್ನಲ್ವಾ? ನನ್ನ ಒಲೆ ಎಲ್ಲೋಯ್ತು?"

ಇಷ್ಟು ಬಾಯಿರುವ ನಾನು ಉತ್ತಮಪಾಳಯಂ ಬರುವ ತನಕ ಕಿಟಕಿ ನೋಡುತ್ತ ಕೂತಿದ್ದೆ.

ಹಾಗೇ ಒಂದೆರಡು ಶಿವರಾತ್ರಿ ಕಳೆದವು. ಕಳೆದ ಸಲ ಹಬ್ಬಕ್ಕೆ ಇನ್ನೂ ದಿನ ಇರುವಾಗಲೇ ಅವಳು ನನ್ನನ್ನು ಎಳೆದುಕೊಂಡು ಕಾಳಿಮುತ್ತು ಮಾವನ ಮನೆಗೆ ಹೋದಳು. ಅವರು ನಮ್ಮ ವಂಶಕ್ಕೆ ಹಿರಿಯರು. ಜಗಲಿಯಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಮಾವಾ, ಈ ಸಲ ನನ್ನ ಹುಂಜಾನ ನಾನೇ ಕೊಯ್ತೀನಿ," ಅಂದಳು ಓಚ್ಚಕ್ಕ.

ಅವರ ಕೈ ನಿಂತಿತು. ಬೈಯುತ್ತಾರೆ ಎಂದು ನಾನು ಜಗಳಕ್ಕೆ ಸೆರಗು ಬಿಗಿದುಕೊಂಡೆ. ಅವರು ಬೈಯಲಿಲ್ಲ.

"ನಿನ್ನಿಂದ ಆಗ್ತದಾ ತಾಯೀ?"

"ಆಗ್ತದೆ."

"ಕೈ ಗಂಡಸಿಂದಾ ಹೆಂಗಸಿಂದಾ ಅಂತ ನಮ್ ಸಾಮಿ ಯಾವತ್ತೂ ಕೇಳಿಲ್ಲೆ. ಆದ್ರೆ ಹುಂಜ ಉತ್ತರವು ಕೊಡ್ಬೇಕು. ಮೂರು ಸಲ ನೀರು. ಕೊಡ್ತಾ, ನಿನ್ನ ಒಲೆ ನಿನ್ಗೆ. ಕೊಡ್ಲಿಲ್ವಾ, ಆಮೇಲೆ ಎಂದಿಗೂ ಕೇಳ್ಬಾರ್ದು. ತಂಗರಾಜನ ಒಲೇನೇ ನಿನ್ನ ಒಲೆ. ಸರಿಯಾ?"

"ಸರಿ ಮಾವಾ," ಅಂದುಬಿಟ್ಟಳು, ನನ್ನ ಮುಖ ಕೂಡ ನೋಡದೆ.

ಉತ್ತರವು ಅಂದರೆ ಅಪ್ಪಣೆ. ದೇವರ ಮುಂದೆ ಹುಂಜವನ್ನು ನಿಲ್ಲಿಸಿ, ಯಾರೂ ಮುಟ್ಟದೆ, ಕುತ್ತಿಗೆಯ ಮೇಲೆ ಅರಿಶಿನದ ನೀರು ಚಿಮುಕಿಸಬೇಕು. ಅದು ತಲೆಯಿಂದ ಬಾಲದ ತನಕ ಮೈ ಕೊಡವಿದರೆ ದೇವರೂ ಒಪ್ಪಿದ, ಹುಂಜವೂ ಒಪ್ಪಿತು ಎಂದು ಲೆಕ್ಕ. ಕೊಡವದಿದ್ದರೆ ಕತ್ತಿ ಮುಟ್ಟುವ ಹಾಗಿಲ್ಲ.

ಸುದ್ದಿ ಕೇಳಿ ನನ್ನ ಗಂಡ ಮೀಸೆಯಲ್ಲಿ ನಕ್ಕರು. "ಅತ್ತಿಗೆ ಈರುಳ್ಳಿ ಕೊಯ್ದ್ರೇನೇ ಅಳ್ತಾರೆ, ಹುಂಜ ಕೊಯ್ತಾರಾ? ಸುಮ್ಮಾ ಇರೀ ಅಂತ ಹೇಳು. ನಾನ್ ಇದ್ದೀನಲ್ಲ."

"ನೀವು ಇರೋದೇ ಅವಳಿಗೆ ತೊಂದ್ರೆ," ಅಂದೆ. ಅವತ್ತು ಅವರಿಗೆ ಸಾರಿನಲ್ಲಿ ಉಪ್ಪು ಮರೆತೆ, ಬೇಕೆಂದೇ.

ಹುಂಜದ ಹೆಸರು ಕೆಂಚ. ಕೆಂಪು ಮೈ, ಕಪ್ಪು ಬಾಲ, ನನ್ನ ಗಂಡನದೇ ನಡಿಗೆ. ಓಚ್ಚಕ್ಕ ದೇವರಿಗೆ ಹೇಳಿಕೊಂಡು ಅದರ ಕಾಲಿಗೆ ಅರಿಶಿನದ ದಾರ ಕಟ್ಟಿದಳು. ದಾರ ಕಟ್ಟಿದ ಮೇಲೆ ಹುಂಜ ಬದಲಾಯಿಸುವಂತಿಲ್ಲ. ನಂತರ ಕೊಯ್ಯುವುದನ್ನು ಕಲಿಯಲು ಕೂತಳು. ಭಾವನ ಕತ್ತಿಯನ್ನು ಅಟ್ಟದಿಂದ ಇಳಿಸಿ, ಬಾಳೆದಿಂಡಿನ ತುಂಡನ್ನು ಕಾಲಡಿ ಒತ್ತಿ ಬೀಸಿದಳು. ದಿಂಡು ಹಾರಿ ನನ್ನ ಮೊಣಕಾಲಿಗೆ ಬಡಿಯಿತು. ಇನ್ನೊಂದು ಬೀಸಿದಳು, ಕತ್ತಿ ನೆಲಕ್ಕೆ ಕಚ್ಚಿತು. "ಅಕ್ಕಾ, ಕೆಂಚನ್ನ ಆಮೇಲೆ ನೋಡನ, ಮೊದ್ಲು ನನ್ನನ್ನ ಉಳ್ಸು," ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಒಳಗೆ ಹೋಗಿ ಈಳಿಗೆಮಣೆ ತಂದಳು. ಅದರ ಮೇಲೆ ಕೂತು ತರಕಾರಿ, ಮೀನು ಎಲ್ಲ ಕೊಯ್ದೇ ಅವಳು ಮುದುಕಿಯಾಗಿದ್ದು. ಅಲಗು ತಾನಾಗಿ ನಿಂತಿರುತ್ತದೆ, ಹಿಡಿದುಕೊಳ್ಳಲು ಎರಡು ಕೈಯೂ ಸಿಗುತ್ತವೆ. ದಿಂಡು ಬೆಣ್ಣೆಯ ಹಾಗೆ ಎರಡಾಯಿತು. ಗಂಡಸರು ಯಾಕೆ ಇಷ್ಟು ದಿನ ಕತ್ತಿ ಬೀಸಿ ಕುಣಿಯುತ್ತಿದ್ದರು ಎಂದು ಇಬ್ಬರೂ ನಕ್ಕೆವು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ತೋಪಿನಲ್ಲಿ ಕೆಂಚ ಮೈ ಕೊಡವದಿದ್ದರೆ ಎಂಬ ಭಯ ಅವಳನ್ನು ಹಿಡಿಯಿತು. ಅದಕ್ಕೂ ಅಭ್ಯಾಸ ಮಾಡಿಸೋಣ ಎಂದು ದಿನಾ ಬೆಳಿಗ್ಗೆ ಕೆಂಚನನ್ನು ಬಾಗಿಲ ಮುಂದೆ ನಿಲ್ಲಿಸಿ ನೀರು ಚಿಮುಕಿಸತೊಡಗಿದಳು. ಮೊದಲ ಸಲ ಅದು ಕೊಡವಿದ ರಭಸಕ್ಕೆ ನಮ್ಮಿಬ್ಬರ ಸೀರೆಯೂ ನೆನೆಯಿತು. ಖುಷಿಯೋ ಖುಷಿ. ಕೆಲವು ದಿನ ಕಳೆದ ಮೇಲೆ ಕತ್ತು ಮಾತ್ರ ಆಡಿಸಿತು. ನೀರು ಸಾಲದೇನೋ ಎಂದು ಅವಳು ಜಾಸ್ತಿ ಹಾಕಿದಳು. ಆಮೇಲೆ ಕಣ್ಣು ಮಾತ್ರ ಮಿಟುಕಿಸಿತು. ಶಿವರಾತ್ರಿಯ ದಿನ ಬೆಳಿಗ್ಗೆ ನಾನು ಹೋದಾಗ ಓಚ್ಚಕ್ಕ ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದಳು; ಕೆಂಚ ತೀರ್ಥಕ್ಕೆ ನಿಂತ ಭಕ್ತನ ಹಾಗೆ ತಲೆ ಬಗ್ಗಿಸಿಕೊಂಡು, ಕೊಕ್ಕಿನಿಂದ ಇಳಿದ ಹನಿಗಳನ್ನು ಕುಡಿಯುತ್ತಿತ್ತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಅಯ್ಯಯ್ಯೋ ಸುಬ್ಬು," ಅಂದಳು, "ನೀರಂದ್ರೆ ಕೊಡವ್ಬೇಕು ಅನ್ನೋದನ್ನೇ ಮರೆಸ್ಬಿಟ್ನಲ್ಲಾ. ನಾನೇ ಕೆಡಿಸ್ಬಿಟ್ಟೆ."

ನಾನು ಸಮಾಧಾನ ಹೇಳಲು ಬಾಯಿ ತೆರೆದೆ, ನಗು ಬಂತು. ಅವಳಿಗೆ ಅಳು ಬಂತು. ಎಂಥಾ ಕೆಟ್ಟವಳು ನಾನು ಅನಿಸಿ ನನಗೂ ಅಳು ಬಂತು. ಕೆಂಚ ಇನ್ನೂ ನೀರಿಗೆ ಕಾಯುತ್ತಿತ್ತು.

ಮರುದಿನ ಎಲ್ಲರೂ ತೋಪಿನಲ್ಲಿ ಸೇರಿದೆವು. ಸರಣ್ಯಾ ಉತ್ತಮಪಾಳಯದ ಗಂಡನ ಮನೆಯಿಂದ ನೇರವಾಗಿ ಬಂದಿದ್ದಳು. ಅವಳಿಗೆ ನಮ್ಮ ಮನೆಮಾತು ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ತಮಿಳು. "ಬಯಪ್ಪಡಾದೆಮ್ಮಾ," ಎಂದು ಅಮ್ಮನ ಕೈ ಹಿಡಿದುಕೊಂಡಳು. ಓಚ್ಚಕ್ಕ ಭಯಪಡದೆ ಇನ್ನೇನು ಮಾಡುತ್ತಾಳೆ? ಅವಳು ತನ್ನ ಮೂರು ಕಲ್ಲನ್ನು ಹಳೆಯ ಜಾಗದಲ್ಲಿ, ಭಾವ ಒಲೆ ಹೂಡುತ್ತಿದ್ದ ಬೇವಿನ ಮರದ ಕೆಳಗೆ, ಆಗಲೇ ಇಟ್ಟುಬಿಟ್ಟಿದ್ದಳು. ಖಾಲಿ ಮಡಕೆ ಅದರ ಮೇಲೆ ಕೂತಿತ್ತು.

ಒಬ್ಬೊಬ್ಬರ ಹುಂಜವೂ ಕೊಡವಿತು. ನನ್ನ ಗಂಡ ನಮ್ಮ ಹುಂಜಕ್ಕೆ ಸಲೀಸಾಗಿ ಒಂದೇ ಸಲಕ್ಕೆ ಅಪ್ಪಣೆ ತೆಗೆದು, ಕೊಯ್ದು, ಕೈ ತೊಳೆದು, ಓಚ್ಚಕ್ಕನ ಸರದಿ ನೋಡಲು ಸೊಂಟದ ಮೇಲೆ ಕೈಯಿಟ್ಟು ನಿಂತರು. ಉಟ್ಟಿದ್ದು ಹೊಸ ಬಿಳಿ ವೇಷ್ಟಿ.

ಕೆಂಚನ ಕಾಲಿನ ಹಗ್ಗವನ್ನು ಗೂಟಕ್ಕೆ ಕಟ್ಟಿದರು. ಓಚ್ಚಕ್ಕ ಮೊದಲ ಸಲ ನೀರು ಚಿಮುಕಿಸಿದಳು. ಕೆಂಚ ತಲೆ ಬಗ್ಗಿಸಿತು. ಎರಡನೇ ಸಲ ಹಾಕಿದಳು. ಕೆಂಚ ಕೊಕ್ಕಿನ ಹನಿ ಕುಡಿದು, ಇನ್ನೂ ಬರಲಿ ಅನ್ನುವ ಹಾಗೆ ಅವಳನ್ನೇ ನೋಡಿತು. ಜನ ಗುಸುಗುಸು ಶುರು ಮಾಡಿದರು.

"ಸಾಮಿಗೇ ಇಷ್ಟ ಇಲ್ಲೆ," ಅಂದರು ನನ್ನ ಗಂಡ, ಗೂಟದ ಕಡೆಗೆ ನಡೆಯುತ್ತ. "ಕೊಡೀ ಅತ್ತಿಗೆ, ನಮ್ ಮಡಕೇಲಿ ಜಾಗ ಇದೆ."

ನಾನು ಅಡ್ಡ ನಿಂತೆ. ಎಲ್ಲಿತ್ತೋ ಅಷ್ಟು ಸಿಟ್ಟು, ಎಲ್ಲ ಒಟ್ಟಿಗೆ ಬಂತು. "ಇನ್ನೂ ಒಂದು ಸಲ ಇದೆ. ಮುಟ್ಟಿದ್ರೆ ನೋಡಿ! ಮಡಕೇಲಿ ಜಾಗ ಇದೆಯಂತೆ. ಆ ಮಡಕೆ ತೊಳೆಯೋಳು ನಾನು, ಜಾಗ ಹೇಳೋಕೆ ನೀವ್ಯಾರು?"

"ಏಯ್, ಹತ್ತು ಜನರ ಮುಂದೆ..."

"ಹತ್ತು ಜನಾನೂ ಕೇಳ್ಲಿ!" ಅಂದೆ. ಎಲ್ಲರೂ ನಮ್ಮ ಕಡೆಗೆ ತಿರುಗಿದರು. ಜಗಳ ಆಡುವುದಕ್ಕೆ ನನಗೆ ನಾಚಿಕೆ ಇಲ್ಲ, ಅವತ್ತಂತೂ ಆಡಿದಷ್ಟೂ ಹುರುಪು ಬಂತು. ಮದುವೆಯಾದ ದಿನದಿಂದ ಉಳಿಸಿಕೊಂಡಿದ್ದನ್ನೆಲ್ಲ ಅಲ್ಲೇ ಸುರಿದೆ.

ಸುರಿಯುತ್ತ ಒಂದು ಕಣ್ಣು ಓಚ್ಚಕ್ಕನ ಮೇಲಿತ್ತು. ಅವಳು ಜಗಳ ಕೇಳುತ್ತಿರಲಿಲ್ಲ. ಕೆಂಚನ ಕಾಲನ್ನು ನೋಡುತ್ತಿದ್ದಳು. ಒದ್ದೆಯಾದ ಕೆಂಚ ಹಗ್ಗ ಎಳೆಯುತ್ತ ಮರದ ಬುಡದ ಒಣ ಮಣ್ಣಿನ ಕಡೆಗೆ ಕತ್ತು ಚಾಚುತ್ತಿತ್ತು. ಅವಳು ಮೆಲ್ಲಗೆ ಬಗ್ಗಿ ಹಗ್ಗವನ್ನು ಒಂದು ಮೊಳ ಸಡಿಲ ಬಿಟ್ಟಳು. ಕೆಂಚ ಹೋಗಿ ಮಣ್ಣು ಕೆದಕಿತು, ಕೂತಿತು, ಮಗ್ಗುಲಾಗಿ ಬಿದ್ದು ರೆಕ್ಕೆ ಹರಡಿಕೊಂಡು ಹೊರಳಿತು. ದಿನಾ ಮಧ್ಯಾಹ್ನ ದ್ರಾಕ್ಷಿ ಚಪ್ಪರದ ಕೆಳಗೆ ಅದು ಮಾಡುವ ಕೆಲಸವೇ. ಓಚ್ಚಕ್ಕ ಚೊಂಬಿನಲ್ಲಿ ಬೆರಳು ಅದ್ದಿಕೊಂಡು ಕಾಯುತ್ತಿದ್ದಳು. ನನಗೆ ಅರ್ಥವಾಯಿತು. ನಾನು ಜಗಳವನ್ನು ಇನ್ನಷ್ಟು ಉದ್ದ ಮಾಡಿದೆ, ಅವರ ಅಕ್ಕನ ಮಗಳ ಮದುವೆಯ ವಿಷಯಕ್ಕೂ ಹೋದೆ.

ಕೆಂಚ ಎದ್ದು ನಿಂತಿತು. ಅದೇ ಗಳಿಗೆಯಲ್ಲಿ ಓಚ್ಚಕ್ಕ "ಮಾವಾ, ನೋಡೀ!" ಎಂದು ಕೂಗಿ ಮೂರನೆಯ ನೀರು ಚಿಮುಕಿಸಿದಳು.

ಕೊಡವಿತು ನೋಡಿ! ಕೊಕ್ಕಿನಿಂದ ಬಾಲದ ತನಕ ಪುಕ್ಕವೆಲ್ಲ ಎದ್ದು, ಮಣ್ಣು, ನೀರು, ಅರಿಶಿನ ಎಲ್ಲ ಸೇರಿ ನನ್ನ ಗಂಡನ ಹೊಸ ವೇಷ್ಟಿಯ ಮೇಲೆ ಬಿತ್ತು. ಸರಣ್ಯಾ ಚಪ್ಪಾಳೆ ತಟ್ಟಿದಳು.

"ಇದು ಮೋಸ!" ಅಂದರು ನನ್ನ ಗಂಡ. "ಅದು ಮಣ್ಣು ಕೊಡವಿದ್ದು. ನೀರಿಗೆ ಕೊಡವಿಲ್ಲೆ."

ಕಾಳಿಮುತ್ತು ಮಾವ ಕಣ್ಣಿಗೆ ಬಿದ್ದ ಧೂಳು ಒರೆಸಿಕೊಂಡರು. "ನೀರು ಬಿತ್ತು, ಹುಂಜ ಕೊಡವ್ತು. ಯಾರೂ ಮುಟ್ಟಿಲ್ಲೆ. ಇನ್ನೇನ್ ಬೇಕು ನಿನ್ಗೆ? ನೀನ್ ವರ್ಷಾವರ್ಷಾ ಹುಂಜದ ಕಿವಿ ಒಳಕ್ಕೆ ನೀರು ಬಿಡೋದು ನನ್ ಕಣ್ಣಿಗೆ ಕಾಣಲ್ಲ ಅಂದ್ಕೊಂಡ್ಯಾ ತಂಗರಾಸು?"

ತೋಪೇ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಈಳಿಗೆಮಣೆ ತಂದಿಟ್ಟಾಗ ಎಲ್ಲರೂ ನಗು ಬಿಟ್ಟು ಸುತ್ತ ಬಂದು ನಿಂತರು. ಓಚ್ಚಕ್ಕ ಮಣೆಯ ಮೇಲೆ ಕೂತು, ಕೆಂಚನನ್ನು ಮಡಿಲಿಗೆ ತೆಗೆದುಕೊಂಡು, ಸೆರಗಿನ ತುದಿಯಿಂದ ಅದರ ಕಣ್ಣು ಮುಚ್ಚಿದಳು. ರೆಕ್ಕೆ ಎರಡನ್ನೂ ಮೊಣಕಾಲುಗಳ ನಡುವೆ ಅದುಮಿ ಹಿಡಿದಳು. "ಬಾಪ್ಪಾ," ಅಂದಳು, ಸಂಜೆ ಕೋಳಿಗಳನ್ನು ಗೂಡಿಗೆ ಕರೆಯುವ ಅದೇ ದನಿ. ಎರಡು ಕೈಯಿಂದ ಕತ್ತನ್ನು ಅಲಗಿಗೆ ಕೊಟ್ಟು ಒಂದೇ ಸಲ ಒತ್ತಿದಳು. ಮುಗಿಯಿತು. ಅದು ಒದ್ದಾಡಿ ನಿಲ್ಲುವ ತನಕ ಬಿಗಿಯಾಗಿ ಹಿಡಿದುಕೊಂಡಿದ್ದು, ರಕ್ತವೆಲ್ಲ ಮಣ್ಣಿಗೆ ಇಳಿಸಿ, ಆಮೇಲೆ ಅತ್ತಳು. ಒಲೆಯ ಹೊಗೆ ಎಂದು ನಾನು ಹೇಳುವುದಿಲ್ಲ, ಅವಳ ಒಲೆ ಇನ್ನೂ ಹಚ್ಚೇ ಇರಲಿಲ್ಲ. ಕೂಸಿನಿಂದ ಸಾಕಿದ್ದು ಅದನ್ನು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ, ನನಗೂ ತಡೆಯಲಿಲ್ಲ.

ಆಮೇಲಿನದೆಲ್ಲ ನಮಗೆ ನಿದ್ದೆಯಲ್ಲೂ ಬರುವ ಕೆಲಸ. ಬಿಸಿನೀರು, ಪುಕ್ಕ, ಅರಿಶಿನ, ಗರಿಯ ಬೆಂಕಿ. ಸರಣ್ಯಾ ಮಸಾಲೆ ಅರೆದಳು. ಬೇವಿನ ಮರದ ಕೆಳಗೆ ಓಚ್ಚಕ್ಕನ ಒಲೆ ಹೊತ್ತಿಕೊಂಡಿತು, ಕುದಿ ಬಂದಾಗ ಘಮ ಇಡೀ ತೋಪಿಗೆ ಹಬ್ಬಿತು. ಕಾಳಿಮುತ್ತು ಮಾವ ತಟ್ಟೆ ಹಿಡಿದು ಒಲೆಗಳ ಹೆಸರು ಕೂಗುತ್ತ ಬಂದರು. ನಮ್ಮ ಹೆಸರಾಯಿತು. ಬೇವಿನ ಮರದ ಹತ್ತಿರ ನಿಂತು, ಒಮ್ಮೆ ಕೆಮ್ಮಿ, "ಓಚ್ಚಮ್ಮಾಳ ಒಲೆ" ಅಂದರು. ಅವಳು ವಿಭೂತಿಗೆ ಕೈ ಚಾಚುವಾಗ ಯಾರ ಬೆನ್ನೂ ಅವಳ ಮುಂದೆ ಇರಲಿಲ್ಲ.

ಈರಲು ಕೆಂಡದ ಮೇಲೆ ಸುಟ್ಟಾಗಿತ್ತು. ಓಚ್ಚಕ್ಕ ಉಪ್ಪು ಮೆಣಸು ಹಚ್ಚಿ ಎಲೆಯ ತುಂಡಿನ ಮೇಲೆ ಇಟ್ಟಳು. ಅಷ್ಟು ಹೊತ್ತಿಗೆ ವಾಸನೆ ಹಿಡಿದು ನನ್ನ ಗಂಡ ಬಂದು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಕೆಟ್ಟ ಉದ್ದೇಶವೇನೂ ಇಲ್ಲ, ಪಾಪ, ವರ್ಷಾವರ್ಷಾ ಕೂತ ಅಭ್ಯಾಸ. ಕೈ ಚಾಚಿದರು. ಓಚ್ಚಕ್ಕನ ಕೈಯೂ ಎಲೆ ಹಿಡಿದು ತಾನಾಗಿ ಅವರ ಕಡೆಗೆ ಹೋಯಿತು. ಮೊದಲು ಅವಳ ಅಪ್ಪನಿಗೆ, ಆಮೇಲೆ ಗಂಡನಿಗೆ, ಆಮೇಲೆ ಮೈದುನನಿಗೆ ಕೊಟ್ಟುಕೊಟ್ಟು ರೂಢಿಯಾದ ಕೈ ಅದು.

ಅರ್ಧದಾರಿಯಲ್ಲಿ ಆ ಕೈ ನಿಂತಿತು. ಅವಳು ಎಲೆಯನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು. ಉಗುರ ಸಂದಿಯಲ್ಲಿ ಇನ್ನೂ ಕೆಂಪಿತ್ತು.

"ಕೊಯ್ದಿದ್ದು ನಾನಲ್ವಾ ತಂಬೀ?" ಎಂದು ಕೇಳಿದಳು, ನಿಜವಾಗಿಯೂ ಈಗಷ್ಟೇ ನೆನಪಾದವಳ ಹಾಗೆ.

ಅವರು ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. "ಹೌದು ಅತ್ತಿಗೆ. ನೀವೇ."

ಅವಳು ಈರಲನ್ನು ಎರಡು ಮಾಡಿ, ಒಂದನ್ನು ನನ್ನ ಬಾಯಿಗೆ ಇಟ್ಟಳು. "ನೀನೂ ತಿಂದಿಲ್ಲಲ್ಲಾ," ಅಂದಳು. ಹೌದು, ತಿಂದಿರಲಿಲ್ಲ. ಎಷ್ಟು ಪಿತ್ತದ ಚೀಲ ಬಿಡಿಸಿದ್ದೇನೋ, ರುಚಿ ಮಾತ್ರ ಗೊತ್ತಿರಲಿಲ್ಲ. ಇನ್ನರ್ಧ ಅವಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದಳು.

"ಇಷ್ಟು ರುಚಿನಾ ಸುಬ್ಬು ಇದು!" ಅಂದಳು ಕೊನೆಗೆ. "ಇಷ್ಟು ವರ್ಷ ತಿಂದ್ರಲ್ಲಾ ಕಳ್ಳರು, ಒಬ್ಬನಾದ್ರೂ ಒಂದು ಮಾತು ಹೇಳಿದ್ನಾ?"

ನನ್ನ ಗಂಡ ನೆಲ ನೋಡುತ್ತಿದ್ದರು. ಓಚ್ಚಕ್ಕ ಎಲೆ ಹಾಸಿ ಅವರಿಗೆ ಅನ್ನ ಬಡಿಸಿದಳು, ಸಾರು ಹುಯ್ದಳು, ಒಳ್ಳೆ ತುಂಡನ್ನೇ ಹಾಕಿದಳು. "ಊಟ ಮಾಡೀ ತಂಬೀ, ನಮ್ಮ ಒಲೆಗೆ ಬಂದಿದ್ದೀರಿ," ಅಂದಳು. ಅವರು ಎಲೆಸಾಲಿನ ತುದಿಯಲ್ಲಿ ಕೂತು ಉಂಡರು. ನಾನು ನನ್ನ ಬೆರಳು ನೆಕ್ಕುತ್ತ ಅದನ್ನೇ ನೋಡುತ್ತ ಕೂತಿದ್ದೆ.